ಹತ್ತು ದಿನಗಳ ಗುತ್ತಿಗೆಯ ಲೆಕ್ಕಾಚಾರ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಹತ್ತು ದಿನಗಳ ಗುತ್ತಿಗೆ ಎಂಬ ಪದ್ಧತಿಯೊಂದಿದೆ. ಋತುವಿನ ನಡುವೆ, ಸಾಮಾನ್ಯವಾಗಿ ಜನವರಿ 5ರಿಂದ ಆಚೆಗೆ, ತಂಡವೊಂದು ಆಟಗಾರನನ್ನು ಹತ್ತು ದಿನಗಳ ಮಟ್ಟಿಗೆ ನೇಮಿಸಿಕೊಳ್ಳಬಹುದು. ಅಷ್ಟರಲ್ಲಿ ಮೂರು ಪಂದ್ಯಗಳು ನಡೆಯದಿದ್ದರೆ ಮೂರು ಪಂದ್ಯ ಮುಗಿಯುವವರೆಗೆ ಅವಧಿ ಮುಂದುವರಿಯುತ್ತದೆ. ಸಂಬಳ ಲೀಗ್ ನಿಗದಿಪಡಿಸಿದ ಕನಿಷ್ಠ ದರದ್ದು. ಗಡುವು ಮುಗಿದ ಮೇಲೆ ಯಾರಿಗೂ ಯಾರ ಹಂಗೂ ಇಲ್ಲ. ಬಹುಪಾಲು ಹೊಸಬರು ಪ್ರವೇಶಿಸುವ ಈ ಬಾಗಿಲಿನಲ್ಲಿ ಆಗೊಮ್ಮೆ ಈಗೊಮ್ಮೆ, ಗಾಯದಿಂದ ಕುಗ್ಗಿದ ಹಳೆಯ ತಾರೆಯೂ ಬಂದು ನಿಲ್ಲುವುದುಂಟು. ಅಂಥವರನ್ನು ಹೀಗೆ ಕರೆದುಕೊಳ್ಳುವುದು ಔದಾರ್ಯವೇ, ಶೋಷಣೆಯೇ ಎಂಬ ಚರ್ಚೆ ಪ್ರತಿ ಬಾರಿಯೂ ಏಳುತ್ತದೆ. ಐಸಯಾ ಥಾಮಸ್ ಅವರ ವೃತ್ತಿಜೀವನವನ್ನು ಗಮನಿಸಿದರೆ ಈ ಪ್ರಶ್ನೆಯನ್ನು ತುಸು ಬೇರೆ ರೀತಿಯಲ್ಲಿ ಕೇಳಬೇಕಾಗುತ್ತದೆ ಎಂದು ನನಗನ್ನಿಸುತ್ತದೆ.

ಥಾಮಸ್ ಅವರ ಎತ್ತರ 5 ಅಡಿ 9 ಅಂಗುಲ. ಆರೂವರೆ ಅಡಿಯವರೂ ಸಾಧಾರಣ ಎನಿಸಿಕೊಳ್ಳುವ ಆಟದಲ್ಲಿ ಅವರು ಕುಳ್ಳರೇ. 2011ರಲ್ಲಿ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಂಡಾಗ 60 ಮಂದಿಯ ಪಟ್ಟಿಯಲ್ಲಿ ಅವರದು ಕಟ್ಟಕಡೆಯ ಹೆಸರು. ಅಲ್ಲಿಂದ ಮೇಲೇರಿದ ಥಾಮಸ್ 2016-17ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಪರವಾಗಿ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿ, ಲೀಗ್‌ನ ಅತ್ಯುತ್ತಮ ಆಟಗಾರನ ಆಯ್ಕೆಯ ಮತದಾನದಲ್ಲಿ ಐದನೆಯವರಾದರು. ತಂಡ 53 ಪಂದ್ಯಗಳನ್ನು ಗೆದ್ದು ಪೂರ್ವ ವಿಭಾಗದ ಅಗ್ರಸ್ಥಾನಕ್ಕೇರಿತು. ಆಗ ಅವರ ಕೈಯಲ್ಲಿದ್ದದ್ದು 2014ರಲ್ಲಿ ಸಹಿ ಹಾಕಿದ, ನಾಲ್ಕು ವರ್ಷಗಳಿಗೆ ಒಟ್ಟು 2.7 ಕೋಟಿ ಡಾಲರ್‌ಗಳ ಒಪ್ಪಂದ. ಅಂಥ ತಾರೆಗೆ ಅದು ಅಗ್ಗದ ದರ. ಮುಂದಿನ ಒಪ್ಪಂದದಲ್ಲಿ ಬಾಕಿ ತೀರುತ್ತದೆ ಎಂದು ಅವರು ನಂಬಿದ್ದರು, ಎಲ್ಲರೂ ನಂಬಿದ್ದರು.

ಆ ಋತುವಿನ ಮಾರ್ಚ್‌ನಲ್ಲಿ ಅವರ ಸೊಂಟದ ಕೀಲಿಗೆ ಪೆಟ್ಟಾಯಿತು. ಏಪ್ರಿಲ್‌ನಲ್ಲಿ ತಂಗಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮರುದಿನವೇ ಅಣ್ಣ ಅಂಗಳಕ್ಕಿಳಿದರು. ಮೇ 2, ತಂಗಿಯ ಹುಟ್ಟುಹಬ್ಬದಂದು, ವಾಷಿಂಗ್ಟನ್ ತಂಡದ ವಿರುದ್ಧ 53 ಅಂಕ ಗಳಿಸಿ ಬಾಸ್ಟನ್ನಿಗೆ ಗೆಲುವು ತಂದುಕೊಟ್ಟರು. ಆ ಹೊತ್ತಿಗೆ ಕೀಲು ಮತ್ತಷ್ಟು ಹದಗೆಡುವ ಹಾದಿಯಲ್ಲಿತ್ತು. ಪೂರ್ವ ವಿಭಾಗದ ಫೈನಲ್‌ನ ಎರಡನೆಯ ಪಂದ್ಯದ ನಂತರ ಅವರು ಆಡಲಾಗಲಿಲ್ಲ.

ಆಗಸ್ಟ್‌ನಲ್ಲಿ ಬಾಸ್ಟನ್, ಕೈರಿ ಇರ್ವಿಂಗ್ ಅವರಿಗೆ ಬದಲಾಗಿ ಥಾಮಸ್ ಮತ್ತಿತರರನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟಿತು. ಕ್ಲೀವ್‌ಲ್ಯಾಂಡ್‌ನ ವೈದ್ಯಕೀಯ ತಪಾಸಣೆಯಲ್ಲಿ ಕೀಲಿನ ಬಗ್ಗೆ ಆತಂಕ ಹುಟ್ಟಿತು. ವ್ಯವಹಾರ ಕುದುರಿದ್ದು ಬಾಸ್ಟನ್ ಹೆಚ್ಚುವರಿಯಾಗಿ 2020ರ ಎರಡನೆಯ ಸುತ್ತಿನ ಒಂದು ಆಯ್ಕೆಯ ಹಕ್ಕನ್ನು ಬಿಟ್ಟುಕೊಟ್ಟ ಬಳಿಕವೇ. ಎರಡನೆಯ ಸುತ್ತಿನ ಕೊನೆಯ ಆಯ್ಕೆಯಾಗಿ ಲೀಗ್‌ಗೆ ಬಂದ ಆಟಗಾರನ ನೋವಿಗೆ ಕಟ್ಟಲಾದ ಬೆಲೆ ಎರಡನೆಯ ಸುತ್ತಿನ ಮತ್ತೊಂದು ಆಯ್ಕೆ. ಆ ಪರಿಹಾರವೂ ಸಂದದ್ದು ಕೊಂಡ ತಂಡಕ್ಕೆ. ನೋವುಂಡವರಿಗೆ ಅದರಲ್ಲಿ ಪಾಲಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸನ್ನಿವೇಶ. ಹಳೆಯ ಕಾರು ಮಾರುವವನಿಗೆ ಅದರ ದೋಷ ಗೊತ್ತಿರುತ್ತದೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಒಳ್ಳೆಯ ಕಾರಿಗೂ ತಕ್ಕ ಬೆಲೆ ಸಿಗುವುದಿಲ್ಲ ಎಂದು ಜಾರ್ಜ್ ಅಕರ್‌ಲಾಫ್ 1970ರಲ್ಲಿ ವಿವರಿಸಿದ್ದರು. ಗಾಯಾಳು ತಾರೆಯ ಪಾಡೂ ಅದೇ. ಆತ ಚೇತರಿಸಿಕೊಂಡಿದ್ದೇನೆ ಎಂದರೆ ಮಾರುಕಟ್ಟೆ ನಂಬುವುದಿಲ್ಲ. ನಂಬಿಸಬೇಕಾದರೆ ಅಂಗಳದಲ್ಲಿ ಆಡಿ ತೋರಿಸಬೇಕು. ಆಡಬೇಕಾದರೆ ಯಾರಾದರೂ ನೇಮಿಸಿಕೊಳ್ಳಬೇಕು. ಈ ಗಂಟನ್ನು ಬಿಡಿಸುವ ಸಾಧನವೇ ಅಲ್ಪಾವಧಿ ಗುತ್ತಿಗೆ. ಹೀಗೆ ನೋಡಿದಾಗ ಅದನ್ನು ಶೋಷಣೆ ಎಂದು ಸಾರಾಸಗಟಾಗಿ ಕರೆಯುವುದು ಸರಿಯಾಗದು. ಅದಿಲ್ಲದಿದ್ದರೆ ಬಾಗಿಲೇ ಇರುತ್ತಿರಲಿಲ್ಲ.

ಥಾಮಸ್ ಆ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರು. 2018ರಲ್ಲಿ ಡೆನ್ವರ್ ಜೊತೆ ಕನಿಷ್ಠ ಸಂಬಳದ ಒಂದು ವರ್ಷದ ಒಪ್ಪಂದ. ಆಡಿದ್ದು 12 ಪಂದ್ಯ. 2020ರಲ್ಲಿ ಕೀಲಿಗೆ ಲೋಹದ ಹೊದಿಕೆ ತೊಡಿಸುವ ಶಸ್ತ್ರಚಿಕಿತ್ಸೆ. 2021ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹತ್ತು ದಿನ. ಅದೇ ಡಿಸೆಂಬರ್‌ನಲ್ಲಿ ಕೋವಿಡ್‌ನಿಂದಾಗಿ ತಂಡಗಳಲ್ಲಿ ಆಟಗಾರರ ಕೊರತೆಯಾದಾಗ, ವಿಶೇಷ ವಿನಾಯಿತಿಯಡಿ ಲಾಸ್ ಏಂಜಲೀಸ್ ಲೇಕರ್ಸ್‌ನಲ್ಲಿ ಹತ್ತು ದಿನ; ಮೊದಲ ಪಂದ್ಯದಲ್ಲೇ 19 ಅಂಕ. ಬಳಿಕ ಡಲ್ಲಾಸ್. 2022ರ ಮಾರ್ಚ್‌ನಲ್ಲಿ ಷಾರ್ಲಟ್, 2024ರ ಮಾರ್ಚ್‌ನಲ್ಲಿ ಫೀನಿಕ್ಸ್. ಕೊನೆಯ ಎರಡೂ ಕಡೆ ಹತ್ತು ದಿನಗಳ ಗುತ್ತಿಗೆ ಋತುವಿನ ಅಂತ್ಯದವರೆಗೆ ವಿಸ್ತರಣೆಯಾಯಿತು. ಹತ್ತು ವರ್ಷಗಳ ಅನುಭವವಿದ್ದ ಅವರಿಗೆ 2021-22ರಲ್ಲಿ ಹತ್ತು ದಿನಕ್ಕೆ ಸಿಗುತ್ತಿದ್ದುದು ಸುಮಾರು ಒಂದೂವರೆ ಲಕ್ಷ ಡಾಲರ್. ಇಷ್ಟು ಹಣ ಪಡೆಯುವವರ ಬಗ್ಗೆ ಮರುಕವೇಕೆ ಎಂದು ಓದುಗರು ಕೇಳಿದರೆ ಅದು ನ್ಯಾಯವೇ. ಮರುಕ ನನ್ನ ಉದ್ದೇಶವಲ್ಲ. ದುಡಿಮೆಗಾರನ ದೇಹ ಸವೆದಾಗ ಆ ನಷ್ಟ ಯಾರ ಖಾತೆಗೆ ಹೋಗುತ್ತದೆ ಎಂಬುದು ಸಂಬಳದ ಮೊತ್ತವನ್ನು ಮೀರಿದ ಪ್ರಶ್ನೆ.

ಇದಕ್ಕೆ ಗಾರ್ಡನ್ ಹೇವರ್ಡ್ ಅವರ ಉದಾಹರಣೆ ನೋಡಿ. 2017ರ ಜುಲೈನಲ್ಲಿ ಅದೇ ಬಾಸ್ಟನ್ ತಂಡ ಅವರೊಡನೆ ನಾಲ್ಕು ವರ್ಷಗಳಿಗೆ 12.8 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಅಕ್ಟೋಬರ್ 17ರಂದು, ಮೊದಲ ಪಂದ್ಯದ ಮೊದಲ ಕೆಲವೇ ನಿಮಿಷಗಳಲ್ಲಿ, ಅವರ ಎಡಗಾಲಿನ ಮೂಳೆ ಮುರಿಯಿತು. ಇಡೀ ಋತು ಕಳೆದುಹೋಯಿತು. ಸಂಬಳ ಮಾತ್ರ ನಿಲ್ಲಲಿಲ್ಲ. ಒಪ್ಪಂದ ಖಾತ್ರಿಯದ್ದಾಗಿತ್ತು. 2020ರಲ್ಲಿ ಷಾರ್ಲಟ್ ತಂಡ ಅವರಿಗೆ ನಾಲ್ಕು ವರ್ಷಗಳಿಗೆ 12 ಕೋಟಿ ಡಾಲರ್ ಕೊಟ್ಟಿತು. 2022ರ ಮಾರ್ಚ್‌ನಲ್ಲಿ ಥಾಮಸ್ ಹತ್ತು ದಿನಗಳ ಗುತ್ತಿಗೆಯ ಮೇಲೆ ಸೇರಿದ್ದು ಇದೇ ಷಾರ್ಲಟ್ ತಂಡವನ್ನು. ಒಬ್ಬರು ಗಾಯಕ್ಕೆ ಮೊದಲು ಸಹಿ ಹಾಕಿದ್ದರು, ಇನ್ನೊಬ್ಬರು ಗಾಯದ ನಂತರ ಸಹಿ ಹಾಕಬೇಕಾಯಿತು. ಹೇವರ್ಡ್ ಪಡೆದದ್ದರಲ್ಲಿ ತಪ್ಪೇನೂ ಇಲ್ಲ. ಇಬ್ಬರ ನಡುವಣ ಅಂತರದಲ್ಲಿ ಪ್ರತಿಭೆಯಷ್ಟೇ ಪಾತ್ರ ದಿನಾಂಕದ್ದೂ ಇದೆ ಎಂಬುದಷ್ಟೇ ನನ್ನ ವಾದ.

ಇದು ಒಬ್ಬರ ಕಥೆಯೂ ಅಲ್ಲ. ನಾಲ್ಕು ಬಾರಿ ಆಲ್‌ಸ್ಟಾರ್ ಆಗಿದ್ದ ಡಿಮಾರ್ಕಸ್ ಕಸಿನ್ಸ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿದದ್ದು 2018ರ ಜನವರಿಯಲ್ಲಿ, ಒಪ್ಪಂದದ ಕೊನೆಯ ವರ್ಷದಲ್ಲಿ. ಅದೇ ಜುಲೈನಲ್ಲಿ ಗೋಲ್ಡನ್ ಸ್ಟೇಟ್ ಜೊತೆ ಸುಮಾರು 53 ಲಕ್ಷ ಡಾಲರ್‌ಗಳ ಒಂದು ವರ್ಷದ ಒಪ್ಪಂದಕ್ಕೆ ಅವರು ತೃಪ್ತಿಪಡಬೇಕಾಯಿತು. 2021ರ ಏಪ್ರಿಲ್ ವೇಳೆಗೆ ಅವರೂ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ನಲ್ಲಿ ಹತ್ತು ದಿನಗಳ ಆಟಗಾರ.

ಹಾಗಾದರೆ ದಾರಿ ಯಾವುದು? ಉತ್ತರದ ಅರ್ಧ ಭಾಗ ಎನ್‌ಬಿಎಯ ನಿಯಮಗಳಲ್ಲೇ ಇದೆ. ಅನುಭವ ಹೆಚ್ಚಿದಂತೆ ಕನಿಷ್ಠ ಸಂಬಳವೂ ಹೆಚ್ಚುವುದರಿಂದ ತಂಡಗಳು ಹಿರಿಯರನ್ನು ದೂರವಿಡುವ ಅಪಾಯವಿತ್ತು. ಅದನ್ನು ತಪ್ಪಿಸಲು, ಒಂದೇ ಋತುವಿಗೆ ಕನಿಷ್ಠ ಸಂಬಳದಲ್ಲಿ ನೇಮಕಗೊಂಡ ಹಿರಿಯರಿಗೆ ಎರಡು ವರ್ಷ ಅನುಭವಿಯ ದರಕ್ಕಿಂತ ಮೇಲಿನ ಮೊತ್ತವನ್ನು ಲೀಗ್ ತಾನೇ ಭರಿಸುತ್ತದೆ. ಆಟಗಾರರ ಸಂಘವು 2016ರಲ್ಲಿ, ಕನಿಷ್ಠ ಮೂರು ವರ್ಷ ಆಡಿದ ಎಲ್ಲ ನಿವೃತ್ತರಿಗೂ ಆರೋಗ್ಯ ವಿಮೆ ಒದಗಿಸಲು ನಿರ್ಧರಿಸಿತು. ಇನ್ನು, ಒಂದು ತಂಡವು ಒಬ್ಬನೇ ಆಟಗಾರನಿಗೆ ಒಂದು ಋತುವಿನಲ್ಲಿ ಇಂಥ ಗುತ್ತಿಗೆಯನ್ನು ಎರಡು ಬಾರಿ ಮಾತ್ರ ಕೊಡಬಹುದು. ಆಮೇಲೆ ಋತುವಿನ ಅಂತ್ಯದವರೆಗೆ ಇಟ್ಟುಕೊಳ್ಳಬೇಕು, ಇಲ್ಲವೇ ಬಿಡಬೇಕು. ತಾತ್ಕಾಲಿಕ ನೇಮಕಾತಿಗಳು ಆದೇಶದ ಮೇಲೆ ಆದೇಶ ಪಡೆದು ವರ್ಷಗಟ್ಟಲೆ ತಾತ್ಕಾಲಿಕವಾಗಿಯೇ ಉಳಿಯುವುದನ್ನು ಸರ್ಕಾರಿ ಸೇವೆಯಲ್ಲಿ ಕಂಡಿರುವ ನನಗೆ ಈ ಮಿತಿ ವಿವೇಕದ್ದೆನಿಸುತ್ತದೆ.

ಉಳಿದರ್ಧವೆಂದರೆ, ಒಪ್ಪಂದದ ಅವಧಿಯಲ್ಲಿ ತಂಡಕ್ಕಾಗಿ ಆಡುತ್ತ ಗಾಯಗೊಂಡು ಮುಂದಿನ ಒಪ್ಪಂದವನ್ನೇ ಕಳೆದುಕೊಂಡವರಿಗೆ ನಷ್ಟದ ಒಂದು ಭಾಗವನ್ನಾದರೂ ತುಂಬಿಕೊಡುವ ಸಾಮೂಹಿಕ ನಿಧಿ. ಲೀಗ್ ಮತ್ತು ಸಂಘ ಎರಡೂ ಇದಕ್ಕೆ ಹಣ ಹಾಕಬೇಕು. ಪರಿಹಾರವಿದೆಯೆಂದು ಆಟಗಾರರು ಚೇತರಿಕೆಯಲ್ಲಿ ಉದಾಸೀನರಾಗಬಹುದು ಎಂಬ ಆಕ್ಷೇಪ ಬರುತ್ತದೆ. ಎಲ್ಲ ವಿಮೆಗಳಿಗೂ ಅನ್ವಯಿಸುವ ಆಕ್ಷೇಪವದು. ನಷ್ಟದ ಒಂದು ಪಾಲನ್ನು ಆಟಗಾರನ ಮೇಲೆಯೇ ಉಳಿಸಿ, ಸ್ವತಂತ್ರ ವೈದ್ಯರ ಪ್ರಮಾಣಪತ್ರ ಕಡ್ಡಾಯಗೊಳಿಸಿದರೆ ಅದನ್ನು ಹದ್ದಿನಲ್ಲಿಡಬಹುದು.

ಹತ್ತು ದಿನಗಳ ಗುತ್ತಿಗೆ ಆಟಗಾರನ ಇಂದಿನ ಬೆಲೆಯನ್ನು ಹೆಚ್ಚುಕಡಿಮೆ ಸರಿಯಾಗಿಯೇ ಅಳೆಯುತ್ತದೆ. ಅದರಲ್ಲಿ ನಿನ್ನೆಯ ಸಾಲದ ಲೆಕ್ಕವಿರುವುದಿಲ್ಲ. ಬಾಸ್ಟನ್ 2017ರಲ್ಲಿ ಥಾಮಸ್ ಅವರಿಂದ ಪಡೆದದ್ದರ ಬೆಲೆಯನ್ನು 2022ರಲ್ಲಿ ಷಾರ್ಲಟ್ ತೀರಿಸಬೇಕೆಂದು ಯಾರೂ ಹೇಳಲಾರರು. ತಂಡಗಳು ಬೇರೆಬೇರೆಯಾದರೂ ಲೀಗ್ ಒಂದೇ, ಮತ್ತು ಆ ಆಟದ ಲಾಭ ಲೀಗ್‌ಗೆಲ್ಲ ಸಂದಿದೆ. ಆ ಸಾಲವನ್ನು ತೀರಿಸುವ ಹೊಣೆಯೂ ಅದರದ್ದೇ.