ಬಸಿರಿನ ಬಾವು, ಬಾಯಿಬಿಡದ ನೋವು

ಪರದೆ ಪಾಲಿಸುವ ಹೆಂಗಸರೂ ಅಂಜದೆ ಹೆರಿಗೆಗೆ ಬರಲೆಂದು ಬೆಂಗಳೂರಿನ ಶಿವಾಜಿನಗರದಲ್ಲಿ ಎದ್ದದ್ದು ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆ. ಗಂಡಸರ ಕಣ್ಣಿಗೆ ಬೀಳುವ ಅಳುಕನ್ನು ಅದು ಕಳೆಯಿತು. ಆದರೆ ವೈದ್ಯೆಯ ಎದುರೂ ಹೇಳಿಕೊಳ್ಳಲಾಗದ ತೊಂದರೆಗಳಿವೆ. ಬಸಿರಿನಲ್ಲಿ ಜನನಾಂಗ ಊದಿಕೊಳ್ಳುವುದು ಅವುಗಳಲ್ಲೊಂದು. ಬಹುಪಾಲು ಇದು ಅಪಾಯವಿಲ್ಲದ್ದು. ಹಾಗೆಂದೇ ಹೇಳದೆ ಉಳಿಯುವುದು ಮಾತ್ರ ತಪ್ಪು ಲೆಕ್ಕ.

ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಹೆಚ್ಚುತ್ತದೆ. ಪ್ರೊಜೆಸ್ಟರಾನ್ ರಕ್ತನಾಳಗಳ ಗೋಡೆಯನ್ನು ಸಡಿಲಿಸುತ್ತದೆ. ಬೆಳೆಯುವ ಗರ್ಭಕೋಶ ಕೆಳಗಿನಿಂದ ಹೃದಯಕ್ಕೆ ಮರಳುವ ರಕ್ತವನ್ನು ಒತ್ತಿ ತಡೆಯುತ್ತದೆ. ಹೀಗೆ ನಿಂತ ರಕ್ತದಿಂದಲೇ ಆ ಭಾಗ ದಪ್ಪಗಾಗಿ ಭಾರವೆನಿಸುವುದು, ಕೆಲವರಲ್ಲಿ ರಕ್ತನಾಳಗಳು ಗಂಟುಗಂಟಾಗಿ ಉಬ್ಬುವುದು. ಸಂಜೆಗೆ ಹೆಚ್ಚುವ ಈ ಉಬ್ಬು ಎಡಮಗ್ಗುಲಾಗಿ ಮಲಗಿದರೆ ತಗ್ಗುತ್ತದೆ. ಹೆರಿಗೆಯಾಗಿ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಮೊದಲ ತಿಂಗಳುಗಳಲ್ಲೇ ಜನನಾಂಗದ ಒಳಚರ್ಮ ನೀಲಿಗಟ್ಟುವುದಕ್ಕೂ ರಕ್ತ ತುಂಬಿಕೊಳ್ಳುವುದೇ ಕಾರಣ. ಅಮೆರಿಕದ ವೈದ್ಯ ಜೇಮ್ಸ್ ಚಾಡ್ವಿಕ್ 1880ರ ದಶಕದಲ್ಲಿ ಅದನ್ನು ಬಸಿರಿನ ಕುರುಹೆಂದೇ ಎತ್ತಿ ತೋರಿಸಿದ್ದರು. ಹೊಟ್ಟೆಯ ನಡುವಿನ ಕಪ್ಪುಗೆರೆಯಂತೆ ತೊಡೆಸಂದು, ಜನನಾಂಗವೂ ಕಪ್ಪಾಗುವುದು ಹಾರ್ಮೋನುಗಳ ಕೆಲಸ. ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ.

ಅಪಾಯವಿಲ್ಲದಿದ್ದರೆ ಹೇಳಿ ಪ್ರಯೋಜನವೇನು, ಸುಮ್ಮನೆ ಹೆದರಿಸಿದಂತಲ್ಲವೇ ಎಂದು ಕೇಳಬಹುದು. ಹಠಾತ್ತಾಗಿ ವಿಪರೀತ ಬಾವು ಬಂದು, ಮುಖ-ಕೈಗಳೂ ಊದಿ, ತಲೆನೋವು, ಕಣ್ಣು ಮಂಜು ಸೇರಿದರೆ ಅದು ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾ ಇರಬಹುದು. ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಒಂದೇ ಬದಿ ಬಿಸಿಯಾಗಿ ನೋಯುವ ಗಡ್ಡೆ ಕೀವುಗಟ್ಟಿದ್ದಿರಬಹುದು. ಇವನ್ನು ಮಾಮೂಲಿ ಊತದಿಂದ ಬೇರ್ಪಡಿಸಲು ಮನೆಯ ಹಿರಿಯರ ಅನುಭವವೊಂದೇ ಸಾಲದು. ತೋರಿಸಿಕೊಳ್ಳಲು ನಾಚಿಕೆ ಎನ್ನುವವರ ಮಾತಿನಲ್ಲಿ ಹುರುಳಿದೆ, ಅದನ್ನು ಹಗುರಮಾಡಬೇಕಿಲ್ಲ. ಆದರೆ ಮೊದಲ ಶೋಧಕ್ಕೆ ಬಟ್ಟೆ ಸರಿಸಬೇಕಾಗಿಲ್ಲ: ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಬಹುದು, ಮೂತ್ರದಲ್ಲಿ ಪ್ರೋಟೀನು ಪರೀಕ್ಷಿಸಬಹುದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ನಡೆಯುವ ಉಚಿತ ತಪಾಸಣೆಯಲ್ಲಿ ಇವೆರಡೂ ಸಿಗುತ್ತವೆ. ಲಕ್ಷಣಗಳು ಜೋರಾಗಿದ್ದರೆ ಆ ದಿನಕ್ಕೆ ಕಾಯುವಂತಿಲ್ಲ, ಆಗಲೇ ಹೊರಡಬೇಕು.

ಊತದ ಜೊತೆ ತುರಿಕೆಯೂ ಇದ್ದಾಗ, ನಾಚಿಕೆಯಿಂದ ಮೆಡಿಕಲ್ ಶಾಪಿನಿಂದ ಅದಕ್ಕೊಂದು ಮುಲಾಮು ತರಿಸುವುದು ಇನ್ನೂ ಕೆಟ್ಟ ದಾರಿ. ಸ್ಟೆರಾಯ್ಡ್ ಬೆರೆತ ಮುಲಾಮು ಎರಡು ದಿನ ಹಾಯೆನಿಸಿ, ಚರ್ಮವನ್ನು ತೆಳುವಾಗಿಸಿ ಶಿಲೀಂಧ್ರವನ್ನು ಹರಡಿಸುತ್ತದೆ. ಮೊಸರಿನಂಥ ಬಿಳಿಸ್ರಾವದ ಜೊತೆಗೆ ಬರುವ ತುರಿಕೆಗೆ ವೈದ್ಯರು ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಬರೆಯುತ್ತಾರೆ, ಒಳಗಿಡುವ ಮಾತ್ರೆಯಾಗಿ. ಬಸುರಿಯರಿಗೆ ನುಂಗುವ ಫ್ಲುಕೊನಜೋಲ್ ಕೊಡುವುದನ್ನು ತಪ್ಪಿಸುತ್ತಾರೆ.