ಅರವತ್ತರ ಲೆಕ್ಕ, ನಾಯಕರ ಮೀನಮೇಷ

2012ರ ಮೇ ತಿಂಗಳಲ್ಲಿ ಅಮೆರಿಕದ ಸೆನೆಟ್‌ನ ಬಹುಮತ ನಾಯಕ ಹ್ಯಾರಿ ರೀಡ್ ಸದನದಲ್ಲಿ ಎದ್ದು ನಿಂತು, ರಾಜಕಾರಣಿಗಳ ಬಾಯಲ್ಲಿ ಸುಲಭಕ್ಕೆ ಬಾರದ ಮಾತೊಂದನ್ನು ಆಡಿದರು. ನಿಯಮ ಬದಲಿಸಿ ಎಂದು ಟಾಮ್ ಉಡಾಲ್, ಜೆಫ್ ಮರ್ಕ್ಲಿ ಎಂಬ ಇಬ್ಬರು ಹೊಸ ಸದಸ್ಯರು ಗೋಗರೆದದ್ದು ಸರಿಯಾಗಿತ್ತು, ಕಿವಿಗೆ ಹಾಕಿಕೊಳ್ಳದ ನಮ್ಮದೇ ತಪ್ಪು ಎಂಬುದು ಆ ಮಾತಿನ ಸಾರ. ಅಂದು ನಿಂತುಹೋಗಿದ್ದದ್ದು ದೇಶ ಒಡೆಯುವಂಥ ವಿವಾದದ ಮಸೂದೆಯೇನಲ್ಲ. ಎರಡೂ ಪಕ್ಷಗಳಲ್ಲಿ ಬೆಂಬಲವಿದ್ದ ರಫ್ತು-ಆಮದು ಬ್ಯಾಂಕಿನ ಮಸೂದೆ.

ಇಷ್ಟು ಹೇಳಿದವರು ಇನ್ನು ಸುಮ್ಮನಿರಲಾರರು ಎಂದು ನಂಬಿದವರಿಗೆ ಮುಂದಿನ ಜನವರಿಯಲ್ಲಿ ನಿರಾಸೆಯಾಯಿತು. ಅದೇ ರೀಡ್ ಎದುರಾಳಿ ರಿಪಬ್ಲಿಕನ್ ಪಕ್ಷದ ನಾಯಕ ಮಿಚ್ ಮೆಕಾನಲ್ ಜತೆ ಕೂತು ಹಾವೂ ಸಾಯದ, ಕೋಲೂ ಮುರಿಯದ ಒಪ್ಪಂದವೊಂದಕ್ಕೆ ಬಂದರು. ಡೆಮಾಕ್ರಟಿಕ್ ಪಕ್ಷದ ಕಾರ್ಯಕರ್ತರ ಸಿಟ್ಟು ಆಗ ಎದುರಾಳಿಗಳಿಗಿಂತ ತಮ್ಮ ನಾಯಕನ ಮೇಲೇ ಹೆಚ್ಚಾಗಿ ತಿರುಗಿತು.

ಸೆನೆಟ್‌ನಲ್ಲಿ 100 ಸದಸ್ಯರು. ಮಸೂದೆ ಅಂಗೀಕಾರಕ್ಕೆ 51 ಮತ ಸಾಕು. ಆದರೆ ಮತಕ್ಕೆ ಹಾಕುವ ಮೊದಲು ಚರ್ಚೆ ಮುಗಿಯಬೇಕು, ಚರ್ಚೆ ಮುಗಿಸಲು 60 ಮತ ಬೇಕು. 41 ಜನ ಒಗ್ಗಟ್ಟಾಗಿ ಒಲ್ಲೆ ಎಂದರೆ ಮಸೂದೆ ಅಲ್ಲೇ ಕೊಳೆಯುತ್ತದೆ. ಈ ತಡೆಗೆ ಫಿಲಿಬಸ್ಟರ್ ಎಂದು ಹೆಸರು. ಅದನ್ನು ಮುರಿಯುವ 60ರ ಮತಕ್ಕೆ ಕ್ಲೋಚರ್. 16 ಸದಸ್ಯರ ಸಹಿ ಹಾಕಿಸಿ ಅರ್ಜಿ ಕೊಡಬೇಕು, ನಡುವೆ ಒಂದು ದಿನ ಬಿಡಬೇಕು, ಮತ ಹಾಕಬೇಕು, ಗೆದ್ದ ಮೇಲೂ 30 ಗಂಟೆ ಕಾಯಬೇಕು. ಇಷ್ಟೆಲ್ಲ ಆಗುವುದು ಮಸೂದೆಯನ್ನು ಕೈಗೆತ್ತಿಕೊಳ್ಳಲೋ ಬೇಡವೋ ಎಂಬ ಪ್ರಶ್ನೆಗೆ. ಕೈಗೆತ್ತಿಕೊಂಡ ಮೇಲೆ ಇದೇ ಸರ್ಕಸ್ಸು ಇನ್ನೊಂದು ಸಲ.

ಇದು ಸಂವಿಧಾನ ಬರೆದ ಹಿರಿಯರ ದೂರದೃಷ್ಟಿ ಎಂದು ವಾಷಿಂಗ್ಟನ್ನಿನಲ್ಲಿ ಭಾಷಣ ಮಾಡುವವರಿದ್ದಾರೆ. ಸಂವಿಧಾನದಲ್ಲಿ ಇದರ ಸೊಲ್ಲೇ ಇಲ್ಲ. 1804ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನನ್ನು ದ್ವಂದ್ವಯುದ್ಧದಲ್ಲಿ ಗುಂಡಿಟ್ಟು ಕೊಂದ ಉಪಾಧ್ಯಕ್ಷ ಆರನ್ ಬರ್, ಮರುವರ್ಷ ಮಾರ್ಚ್‌ನಲ್ಲಿ ಹುದ್ದೆ ಬಿಟ್ಟು ಹೋಗುವಾಗ, ನಿಮ್ಮ ನಿಯಮ ಪುಸ್ತಕದಲ್ಲಿ ಕಸ ತುಂಬಿದೆ, ಗುಡಿಸಿ ಎಂಬರ್ಥದ ಸಲಹೆ ಕೊಟ್ಟು ಹೋದ. 1806ರಲ್ಲಿ ಸೆನೆಟ್ ಗುಡಿಸಿತು. ಆ ಕಸದ ಜತೆ ಮುಖ್ಯ ಪ್ರಶ್ನೆಯನ್ನು ಮತಕ್ಕೆ ತರುವ ನಿಲುವಳಿಯೂ ಹೋಯಿತು. ಕೆಳಮನೆ ಅದನ್ನು ಉಳಿಸಿಕೊಂಡು ಚರ್ಚೆ ಮೊಟಕುಗೊಳಿಸುವ ಅಸ್ತ್ರ ಮಾಡಿಕೊಂಡಿತು. ಮೇಲ್ಮನೆಯ ಕೈಯಲ್ಲಿ ಏನೂ ಉಳಿಯಲಿಲ್ಲ. ಯಾರ ದೂರದೃಷ್ಟಿಯೂ ಇಲ್ಲದೆ, ಬರೀ ಮನೆ ಚೊಕ್ಕಟ ಮಾಡುವ ಹುರುಪಿನಲ್ಲಿ ಹುಟ್ಟಿದ್ದು ಈ ಸಂಪ್ರದಾಯ.

ಮೊದಲ ಬೇಲಿ ಬಿದ್ದದ್ದು 1917ರಲ್ಲಿ. ಜರ್ಮನಿಯ ಜಲಾಂತರ್ಗಾಮಿಗಳ ಭಯದಲ್ಲಿ ವ್ಯಾಪಾರಿ ಹಡಗುಗಳಿಗೆ ತೋಪು ಕೊಡುವ ಮಸೂದೆಯನ್ನು ಕೆಲವೇ ಸದಸ್ಯರು ಮಾತಾಡಿ ಮಾತಾಡಿ ಮುಗಿಸಿಬಿಟ್ಟರು. ಅಧ್ಯಕ್ಷ ವುಡ್ರೋ ವಿಲ್ಸನ್ ಕೆಂಡಾಮಂಡಲವಾದರು. ಮಾರ್ಚ್ 8ರಂದು ಸೆನೆಟ್ 76-3 ಮತಗಳಿಂದ ಹೊಸ ನಿಯಮ ಮಾಡಿತು: ಮೂರನೇ ಎರಡರಷ್ಟು ಜನ ಒಪ್ಪಿದರೆ ಚರ್ಚೆ ನಿಲ್ಲಿಸಬಹುದು. ಆಮೇಲಿನ 46 ವರ್ಷಗಳಲ್ಲಿ ಅದು ಸಾಧ್ಯವಾದದ್ದು ಐದೇ ಸಲ.

ಆ 46 ವರ್ಷ ಈ ನಿಯಮದ ನೆರಳಲ್ಲಿ ಯಾರು ತಂಪಾಗಿದ್ದರು ಎಂಬುದನ್ನು ಮರೆಯಬಾರದು. ಕರಿಯರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧದ ಮಸೂದೆ, ಮತದಾನದ ಹಕ್ಕಿನ ಮಸೂದೆ, ಯಾವುದು ಬಂದರೂ ದಕ್ಷಿಣ ರಾಜ್ಯಗಳ ಸದಸ್ಯರು ಸರದಿ ಮೇಲೆ ನಿಂತು ಮಾತಾಡುತ್ತಿದ್ದರು. 1957ರ ಆಗಸ್ಟ್‌ನಲ್ಲಿ ಇಂಥದೊಂದು ಮಸೂದೆಯ ವಿರುದ್ಧ ಅವರಲ್ಲೊಬ್ಬರಾದ ಸ್ಟ್ರಾಮ್ ಥರ್ಮಂಡ್ ಒಬ್ಬರೇ 24 ಗಂಟೆ 18 ನಿಮಿಷ ನಿಂತರು. ಮೂತ್ರಕ್ಕೆ ಹೋಗಬೇಕಾಗಬಾರದೆಂದು ಮೊದಲೇ ಹಬೆಸ್ನಾನ ಮಾಡಿ ಮೈಯ ನೀರು ಬಸಿದುಕೊಂಡು ಬಂದಿದ್ದರಂತೆ. ಒಂದೊಂದೇ ರಾಜ್ಯದ ಚುನಾವಣಾ ಕಾನೂನು ಓದುತ್ತ ಹೋದರು. ಅವರು ಕೂತ ಮೇಲೆ ಮಸೂದೆ ಅಂಗೀಕಾರವಾಯಿತು.

ಆ ಕೋಟೆ ಒಡೆದದ್ದು 1964ರ ಜೂನ್ 10ರಂದು. ನಾಗರಿಕ ಹಕ್ಕುಗಳ ಮಸೂದೆಯ ಮೇಲೆ 60 ಕೆಲಸದ ದಿನ ಚರ್ಚೆ ನಡೆದಿತ್ತು. ಮತದಾನದ ದಿನ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಮಿದುಳಿನ ಗೆಡ್ಡೆ ಅವರ ಮಾತನ್ನು ಕಸಿದಿತ್ತು. ಹೆಸರು ಕೂಗಿದಾಗ ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ಕಷ್ಟಪಟ್ಟು ಕೈಯೆತ್ತಿ ತಮ್ಮ ಕಣ್ಣನ್ನು ತೋರಿಸಿದರು. ಹೌದು ಎನ್ನಲು ಅಲ್ಲಿ ಕೂಗುವ ‘ಐ’ಗೂ ಇಂಗ್ಲಿಷಿನ ಕಣ್ಣಿಗೂ ಉಚ್ಚಾರ ಒಂದೇ. ಗುಮಾಸ್ತರಿಗೆ ಅರ್ಥವಾಯಿತು. 71-29. ಎಂಗಲ್ ಎರಡು ತಿಂಗಳೊಳಗೆ ತೀರಿಕೊಂಡರು.

ಇಷ್ಟಾದ ಮೇಲಾದರೂ ಈ ಪದ್ಧತಿ ಸೊರಗಬೇಕಿತ್ತು. ಕೊಬ್ಬಿತು. ಅದಕ್ಕೆ ಕಾರಣ ಸುಧಾರಣೆಯೇ ಎಂಬುದು ವಿಚಿತ್ರ. ಒಬ್ಬರು ಮಾತಾಡುತ್ತ ನಿಂತರೆ ಸದನದ ಉಳಿದೆಲ್ಲ ಕೆಲಸ ನಿಲ್ಲುತ್ತದಲ್ಲ, ಅದನ್ನು ತಪ್ಪಿಸಲು 1970ರ ದಶಕದ ಆರಂಭದಲ್ಲಿ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್ ಮತ್ತು ಅವರ ಜತೆಗಾರ ರಾಬರ್ಟ್ ಬರ್ಡ್ ಎರಡು ಹಳಿಯ ವ್ಯವಸ್ಥೆ ತಂದರು. ತಡೆಬಿದ್ದ ಮಸೂದೆಯನ್ನು ಪಕ್ಕದ ಹಳಿಗೆ ಸರಿಸಿ ಬೇರೆ ಕೆಲಸ ಮುಂದುವರಿಸುವುದು. 1975ರಲ್ಲಿ ಮೂರನೇ ಎರಡನ್ನು ಐದನೇ ಮೂರಕ್ಕೆ ಇಳಿಸಿದರು. 60 ಬಂದದ್ದು ಹಾಗೆ. ಎರಡೂ ಸದುದ್ದೇಶದ ಕ್ರಮಗಳೇ. ಆದರೆ ತಡೆಯುವವನು ಇನ್ನು ನಿಲ್ಲಬೇಕಿಲ್ಲ, ಮಾತಾಡಬೇಕಿಲ್ಲ, ಹಬೆಸ್ನಾನವಂತೂ ಬೇಕೇ ಇಲ್ಲ. ಒಪ್ಪಿಗೆ ಇಲ್ಲ ಎಂದು ನಾಯಕರ ಕಚೇರಿಗೆ ತಿಳಿಸಿದರೆ ಸಾಕು. 46 ವರ್ಷಕ್ಕೆ ಐದು ಸಲ ಮುರಿದಿದ್ದ ತಡೆಯನ್ನು ಮುರಿಯಲು 2007-08ರ ಎರಡೇ ವರ್ಷದಲ್ಲಿ 139 ಅರ್ಜಿ ಬಿದ್ದವು.

ನಮ್ಮಲ್ಲಿ ಇದಕ್ಕೆ ತದ್ರೂಪಿ ಇಲ್ಲ. ಕಲಾಪ ಸಲಹಾ ಸಮಿತಿ ಸಮಯ ಹಂಚುತ್ತದೆ, ಸಭಾಧ್ಯಕ್ಷರು ಗಂಟೆ ಬಾರಿಸುತ್ತಾರೆ. ತಡೆಯಬೇಕೆಂದವರು ಬಾವಿಗಿಳಿದು ಧರಣಿ ಕೂರುತ್ತಾರೆ. ಹತ್ತಿರದ ನೆನಪೆಂದರೆ 2019ರ ಜುಲೈನ ವಿಧಾನಸೌಧ. ಕುಮಾರಸ್ವಾಮಿಯವರ ವಿಶ್ವಾಸಮತದ ಚರ್ಚೆ 18ಕ್ಕೆ ಶುರುವಾಗಿ 23ರವರೆಗೆ ಎಳೆಯಿತು. ಮಾತು ಬೆಳೆಸಿದವರು ಆಡಳಿತ ಪಕ್ಷದವರೇ, ಬಾಯಿ ಬಿಗಿದು ಕೂತವರು ವಿರೋಧ ಪಕ್ಷದವರು. ಕೊನೆಗೆ 99-105.

ಮತ್ತೆ ಸೆನೆಟ್‌ಗೆ ಬರೋಣ. ಉಡಾಲ್ ಮತ್ತು ಮರ್ಕ್ಲಿ 2009ರಲ್ಲಿ ಮೊದಲ ಸಲ ಸೆನೆಟ್‌ಗೆ ಬಂದವರು. ಅವರ ಬೇಡಿಕೆ ಕ್ರಾಂತಿಕಾರಿ ಏನಲ್ಲ. ತಡೆಯಿರಿ, ಬೇಡ ಎನ್ನುವುದಿಲ್ಲ, ಆದರೆ ಜನ ನೋಡುವಂತೆ ಎದ್ದು ನಿಂತು ಮಾತಾಡಿ ತಡೆಯಿರಿ, ಅಷ್ಟೇ. ತೊಡಕಿದ್ದದ್ದು ದಾರಿಯಲ್ಲಿ. ನಿಯಮ ಬದಲಿಸುವ ನಿರ್ಣಯದ ಚರ್ಚೆಯನ್ನೂ ಫಿಲಿಬಸ್ಟರ್ ಮಾಡಬಹುದು, ಅದನ್ನು ಮುರಿಯಲು 60 ಸಾಲದು, ಮೂರನೇ ಎರಡರಷ್ಟು ಬೇಕು. ಹೊಸ ಕಾಂಗ್ರೆಸ್ಸಿನ, ಅಂದರೆ ಚುನಾವಣೆಯ ನಂತರ ಸೇರುವ ಹೊಸ ಸಂಸತ್ತಿನ, ಮೊದಲ ದಿನ ಮಾತ್ರ ಸರಳ ಬಹುಮತದಿಂದ ನಿಯಮ ಮಾಡಿಕೊಳ್ಳಬಹುದು ಎಂಬುದು ಸುಧಾರಣಾವಾದಿಗಳ ಹಳೇ ವಾದ. 1950ರ ದಶಕದಲ್ಲಿ ಕ್ಲಿಂಟನ್ ಆಂಡರ್ಸನ್ ಇದೇ ವಾದ ಹಿಡಿದು ಬಂದಾಗಲೂ ಅದನ್ನು ಪಕ್ಕಕ್ಕೆ ಸರಿಸಿದವರು ಅವರದೇ ಪಕ್ಷದ ನಾಯಕ ಲಿಂಡನ್ ಜಾನ್ಸನ್.

2011ರಲ್ಲಿ ರೀಡ್ ಮಾಡಿದ್ದನ್ನು ನೋಡಿ ನಗಬೇಕೋ ಅಳಬೇಕೋ. ಸಂಧಾನಕ್ಕೆ ಸಮಯ ಬೇಕಿತ್ತು, ಮೊದಲ ದಿನವೂ ಕಳೆಯಬಾರದಿತ್ತು. ಹಾಗಾಗಿ ಸದನವನ್ನು ಮುಂದೂಡದೆ ಬರೀ ವಿರಾಮ ಕೊಡುತ್ತ ಹೋದರು. ಗೋಡೆಯ ಕ್ಯಾಲೆಂಡರ್ ಮುಂದೆ ಓಡಿದರೂ ಸೆನೆಟ್‌ನ ಕಡತದಲ್ಲಿ ಸುಮಾರು ಮೂರು ವಾರ ಜನವರಿ 5 ಮುಗಿಯಲೇ ಇಲ್ಲ. ಅಷ್ಟು ಉದ್ದದ ದಿನ ಹೆತ್ತದ್ದು ಇಲಿಯನ್ನು. ಮರ್ಕ್ಲಿಯವರ ಪ್ರಸ್ತಾವ 46-49ರಲ್ಲಿ ಬಿತ್ತು. ವಿನಾಕಾರಣ ತಡೆಯುವುದಿಲ್ಲ ಎಂದು ಒಬ್ಬರು, ಬಲವಂತವಾಗಿ ನಿಯಮ ಬದಲಿಸುವುದಿಲ್ಲ ಎಂದು ಇನ್ನೊಬ್ಬರು, ನಾಯಕರಿಬ್ಬರು ದೊಡ್ಡ ಮನುಷ್ಯರ ಮಾತು ಕೊಟ್ಟುಕೊಂಡರು. ಆ ಮಾತು ಎಷ್ಟು ಬಾಳಿತು ಎಂಬುದಕ್ಕೆ ಮರುವರ್ಷ ಮೇ ತಿಂಗಳಿನ ರೀಡ್ ಭಾಷಣವೇ ಸಾಕ್ಷಿ.

2013ರ ಜನವರಿಯ ಒಪ್ಪಂದವೂ ಅದೇ ಜಾತಿಯದು. ಅಲ್ಪಮತದವರಿಗೆ ಎರಡು ತಿದ್ದುಪಡಿ ತರುವ ಖಾತರಿ, ಸೆನೆಟ್ ಒಪ್ಪಬೇಕಾದ ನೇಮಕಗಳ ಪೈಕಿ ಕೆಳ ನ್ಯಾಯಾಲಯದ ನ್ಯಾಯಾಧೀಶರ ವಿಷಯದಲ್ಲಿ 30 ಗಂಟೆಯ ಕಾಯುವಿಕೆ ಎರಡಕ್ಕೆ ಇಳಿಕೆ. 60ಕ್ಕೆ ಕೈ ಹಚ್ಚಲಿಲ್ಲ. ಎದ್ದು ನಿಂತು ಮಾತಾಡಿ ಎಂಬ ಷರತ್ತೂ ಇಲ್ಲ.

ರೀಡ್ ಹೇಡಿ ಎಂದವರಿದ್ದಾರೆ. ನೆವಾಡದ ಸರ್ಚ್‌ಲೈಟ್ ಎಂಬ ಗಣಿ ಊರಿನಲ್ಲಿ ಗಣಿ ಕಾರ್ಮಿಕನ ಮಗನಾಗಿ ಹುಟ್ಟಿ, ಹರೆಯದಲ್ಲಿ ಬಾಕ್ಸಿಂಗ್ ಆಡಿದವರಿಗೆ ಆ ಬಿರುದು ಒಪ್ಪುವುದಿಲ್ಲ. ಅವರನ್ನು ಕಟ್ಟಿಹಾಕಿದ್ದು ಲೆಕ್ಕಾಚಾರ. ಇಂದು ಬಹುಮತದ ನಾಯಕ, ನಾಳೆ ಅಲ್ಪಮತದ ನಾಯಕ. ಆಗ ಈ 60 ತಮಗೇ ಬೇಕು. ಪಕ್ಷದೊಳಗೆ ಕಾರ್ಲ್ ಲೆವಿನ್ ಅವರಂಥ ಹಿರಿಯರು ಇದನ್ನೇ ಹೇಳುತ್ತಿದ್ದರು. ಇದರ ಜತೆಗೆ ಬಾಯಿಬಿಟ್ಟು ಯಾರೂ ಹೇಳದ ಇನ್ನೊಂದು ಅನುಕೂಲವಿದೆ ಎಂದು ನನ್ನ ಅನುಮಾನ: ಕಷ್ಟದ ಮಸೂದೆಗೆ ಹೌದು-ಅಲ್ಲ ಹೇಳುವ ಫಜೀತಿಯಿಂದ 60 ಎಲ್ಲರನ್ನೂ ಪಾರುಮಾಡುತ್ತದೆ. ಬೆಂಬಲಿಗರು ಕೇಳಿದರೆ, ನಾವೇನೋ ಸಿದ್ಧರಿದ್ದೆವು, ಸಂಖ್ಯೆ ಇರಲಿಲ್ಲ ಎನ್ನಬಹುದಲ್ಲ.

ಬಿಸಿ ತಮ್ಮ ಕಾಲಿಗೇ ತಟ್ಟಿದ ಮೇಲೆ ರೀಡ್ ಅಲುಗಿದರು. 2013ರ ಜುಲೈನಲ್ಲಿ ಹಳೇ ಸೆನೆಟ್ ಸಭಾಂಗಣದಲ್ಲಿ ಬಾಗಿಲು ಹಾಕಿಕೊಂಡು ಸುಮಾರು ನೂರು ಜನ ಗಂಟೆಗಟ್ಟಲೆ ಮಾತಾಡಿ ಒಂದು ಬಿಕ್ಕಟ್ಟು ತಪ್ಪಿಸಿದ್ದರು. ಆ ಶರತ್ಕಾಲದಲ್ಲೇ ರಿಪಬ್ಲಿಕನ್ನರು ವಾಷಿಂಗ್ಟನ್ ಮೇಲ್ಮನವಿ ನ್ಯಾಯಾಲಯದ ಖಾಲಿ ಇದ್ದ ಮೂರು ಸ್ಥಾನಗಳಿಗೆ ಅಧ್ಯಕ್ಷ ಒಬಾಮ ಸೂಚಿಸಿದ ಮೂವರನ್ನೂ ಒಬ್ಬರಾದ ಮೇಲೊಬ್ಬರಂತೆ ತಡೆದರು. ವ್ಯಕ್ತಿಗಳ ಮೇಲೆ ದೂರಿಲ್ಲ, ಅಲ್ಲಿ ಕೆಲಸವೇ ಕಮ್ಮಿ, ಆ ಸ್ಥಾನಗಳೇ ಬೇಡ ಎಂಬ ವಾದ.

ನವೆಂಬರ್ 21ರಂದು ರೀಡ್ ಒಂದು ಕ್ರಿಯಾಲೋಪ ಎತ್ತಿದರು: ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಗಳಲ್ಲಿ ಚರ್ಚೆ ಮುಗಿಸಲು ಸರಳ ಬಹುಮತ ಸಾಕು. ಪೀಠದಲ್ಲಿದ್ದ ಪ್ಯಾಟ್ರಿಕ್ ಲೇಹಿ ಅವರದೇ ಪಕ್ಷದವರು, ಆದರೂ ನಿಯಮದಂತೆ ಅದು ನಿಲ್ಲುವುದಿಲ್ಲ ಎಂದು ರೂಲಿಂಗ್ ಕೊಟ್ಟರು. ರೀಡ್ ಅದರ ಮೇಲೆ ಸದನಕ್ಕೇ ಮನವಿ ಮಾಡಿದರು. ಪೀಠದ ತೀರ್ಪು ಉಳಿಯಲಿ ಎಂದವರು 48, ಬೇಡ ಎಂದವರು 52. ಲೆವಿನ್ ಸೇರಿ ಮೂವರು ಡೆಮಾಕ್ರಟರು ರೀಡ್ ವಿರುದ್ಧ ನಿಂತರು. ನಿಯಮ ಪುಸ್ತಕದ ಒಂದಕ್ಷರ ಬದಲಾಗಲಿಲ್ಲ. ಅಲ್ಲಿ ಈಗಲೂ ಐದನೇ ಮೂರು ಎಂದೇ ಇದೆ. ಅದರ ಅರ್ಥ ಮಾತ್ರ 51 ಆಯಿತು. ಮೂರು ವರ್ಷ ಸಾಧ್ಯವೇ ಇಲ್ಲ ಎನ್ನುತ್ತಿದ್ದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು. ನೀವು ಇದಕ್ಕೆ ಪಶ್ಚಾತ್ತಾಪ ಪಡುತ್ತೀರಿ, ಅದೂ ನೀವು ಎಣಿಸಿದ್ದಕ್ಕಿಂತ ಬೇಗ ಎಂದು ಮೆಕಾನಲ್ ಎಚ್ಚರಿಸಿದರು.

ಈ 51ರ ಫಲ ಉಂಡವರಲ್ಲಿ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವೈದ್ಯರೊಬ್ಬರೂ ಇದ್ದಾರೆ. ವಿವೇಕ್ ಮೂರ್ತಿಯವರ ಹೆಸರನ್ನು ದೇಶದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಹುದ್ದೆಗೆ ಒಬಾಮ ಸೂಚಿಸಿದ್ದು ಅದೇ ನವೆಂಬರ್‌ನಲ್ಲಿ. ಬಂದೂಕು ಕೂಡ ಆರೋಗ್ಯದ ಸಮಸ್ಯೆಯೇ ಎಂದು ಹಿಂದೊಮ್ಮೆ ಬರೆದಿದ್ದರೆಂದು ಬಂದೂಕು ಮಾಲೀಕರ ಪ್ರಬಲ ಸಂಘಟನೆ ಎನ್‌ಆರ್‌ಎ ತಿರುಗಿಬಿತ್ತು. ಚುನಾವಣೆ ಹೆದರಿಕೆಯಲ್ಲಿದ್ದ ಕೆಲವು ಡೆಮಾಕ್ರಟರೂ ಹಿಂದೇಟು ಹಾಕಿದ್ದರಿಂದ ಕಡತ ವರ್ಷಕ್ಕೂ ಹೆಚ್ಚು ಕಾಲ ಕೂತಿತು. ಡೆಮಾಕ್ರಟರು ಸೆನೆಟ್ ಕಳೆದುಕೊಂಡು, ಅಧಿಕಾರ ಹಸ್ತಾಂತರಕ್ಕೆ ಕೆಲವೇ ವಾರ ಉಳಿದಿದ್ದಾಗ, 2014ರ ಡಿಸೆಂಬರ್ 15ರಂದು 51-43ರಲ್ಲಿ ಅವರ ನೇಮಕ ಪಾಸಾಯಿತು. ಹಳೇ ಲೆಕ್ಕದಲ್ಲಾಗಿದ್ದರೆ ಮತದಾನದವರೆಗೂ ಬರುತ್ತಿರಲಿಲ್ಲ.

ಮೆಕಾನಲ್ ಮಾತು ಸುಳ್ಳಾಗಲಿಲ್ಲ. 2017ರ ಏಪ್ರಿಲ್‌ನಲ್ಲಿ ಅವರೇ ಬಹುಮತ ನಾಯಕರಾಗಿ, ರೀಡ್ ತೋರಿದ ದಾರಿಯಲ್ಲೇ ನಡೆದು ಸುಪ್ರೀಂ ಕೋರ್ಟ್‌ಗೂ 51 ಸಾಕು ಮಾಡಿದರು. ನೀಲ್ ಗೋರ್ಸಚ್, ಬ್ರೆಟ್ ಕ್ಯಾವನಾ, ಏಮಿ ಬ್ಯಾರೆಟ್ ಮೂವರೂ ಬಂದದ್ದು ಆ ಬಾಗಿಲಿಂದ. ಯಾರಿಗೂ 60 ಮತ ಬೀಳಲಿಲ್ಲ. 2022ರಲ್ಲಿ ಗರ್ಭಪಾತದ ಹಕ್ಕನ್ನು ರದ್ದು ಮಾಡಿದ ತೀರ್ಪಿನಲ್ಲಿ ಮೂವರೂ ಇದ್ದರು. ಇದನ್ನು ರೀಡ್ ತಲೆಗೆ ಕಟ್ಟುವವರು ಬಹಳ. ಅದು ನ್ಯಾಯವಲ್ಲ ಎಂದು ನನಗನಿಸುತ್ತದೆ. ಕೈಯಲ್ಲಿ ಬಹುಮತವಿದ್ದ ಮೆಕಾನಲ್ ಸುಪ್ರೀಂ ಕೋರ್ಟ್ ಕುರ್ಚಿಗಳಿಗಾಗಿ ರೀಡ್ ಪೂರ್ವನಿದರ್ಶನದ ಅಪ್ಪಣೆಗೆ ಕಾಯುತ್ತಿದ್ದರು ಎಂದು ನಂಬುವುದು ಕಷ್ಟ.

ನಿವೃತ್ತರಾದ ರೀಡ್ 2019ರಲ್ಲಿ ಪತ್ರಿಕೆಯೊಂದಕ್ಕೆ ಬರೆದು, ಫಿಲಿಬಸ್ಟರ್ ಪೂರ್ತಿ ತೊಲಗಲಿ ಎಂದರು. ಕುರ್ಚಿಯಲ್ಲಿದ್ದಾಗ ಕಾಣದ್ದು ಇಳಿದ ಮೇಲೆ ಕಾಣುವುದು ಅವರೊಬ್ಬರ ಜಾಯಮಾನವಲ್ಲ. 2021ರ ಡಿಸೆಂಬರ್ 28ರಂದು ತೀರಿಕೊಂಡರು. ಜನವರಿ 12ರಂದು ಅವರ ಪಾರ್ಥಿವ ಶರೀರ ಕ್ಯಾಪಿಟಲ್ ಭವನದಲ್ಲಿ ಅಂತಿಮ ದರ್ಶನಕ್ಕಿತ್ತು. ಸರಿಯಾಗಿ ವಾರ ಕಳೆದು, ಮತದಾನದ ಹಕ್ಕಿನ ಮಸೂದೆಯೊಂದಕ್ಕೆ ಸೀಮಿತವಾಗಿ, ತಡೆಯುವವರು ನಿಂತು ಮಾತಾಡಲೇಬೇಕು ಎಂಬ ಪ್ರಸ್ತಾವವನ್ನು ಹೊಸ ನಾಯಕ ಚಕ್ ಶೂಮರ್ ಮತಕ್ಕೆ ಹಾಕಿದರು. ಹನ್ನೊಂದು ವರ್ಷದ ಹಿಂದೆ ಮರ್ಕ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಜೋ ಮ್ಯಾಂಚಿನ್, ಕಿರ್ಸ್ಟನ್ ಸಿನೆಮಾ ಎಂಬ ಸ್ವಪಕ್ಷದ ಇಬ್ಬರು ಕೈಕೊಟ್ಟರು. 48-52.

ಸ್ವಂತ ನಾಯಕನ ಮೇಲಿನ ಸಿಟ್ಟು ಆಮೇಲೆ ಇನ್ನೊಂದು ಪಕ್ಷದ ಮಗ್ಗುಲಿಗೆ ಹೊರಳಿತು. 2025ರ ಅಕ್ಟೋಬರ್ 1ರಿಂದ 43 ದಿನ ಅಮೆರಿಕ ಸರ್ಕಾರದ ಕಚೇರಿಗಳಿಗೆ ಬೀಗ ಬಿತ್ತು. ಖರ್ಚಿನ ಮಸೂದೆಗೆ 60 ಸಿಗದಂತೆ ತಡೆದವರು ಈ ಸಲ ಡೆಮಾಕ್ರಟರು. ಫಿಲಿಬಸ್ಟರ್ ಕಿತ್ತುಹಾಕಿ ಎಂದು ಅಧ್ಯಕ್ಷ ಟ್ರಂಪ್ ಸ್ವಂತ ಪಕ್ಷದ ನಾಯಕ ಜಾನ್ ತೂನ್ ಮೇಲೆ ಬಹಿರಂಗವಾಗಿಯೇ ಒತ್ತಡ ಹಾಕಿದರು. ಕೆಳ ಹಂತದ ನೇಮಕಗಳನ್ನು ಕಟ್ಟುಕಟ್ಟಾಗಿ ಒಂದೇ ಮತಕ್ಕೆ ಪಾಸು ಮಾಡಲು ರೀಡ್ ಅವರ ಅದೇ ಉಪಾಯವನ್ನು ಆಗಷ್ಟೇ ಬಳಸಿದ್ದ ತೂನ್, ಮಸೂದೆಗಳ 60ನ್ನು ಮುಟ್ಟಲು ಒಪ್ಪಲಿಲ್ಲ. ನಾಳೆ ನಾವೂ ಅಲ್ಪಮತಕ್ಕೆ ಇಳಿಯುತ್ತೇವೆ ಎಂಬ ವಾದವನ್ನು ಈಗ ರಿಪಬ್ಲಿಕನ್ನರು ತಮ್ಮ ಅಧ್ಯಕ್ಷರಿಗೆ ಹೇಳಬೇಕಾಗಿ ಬಂದಿತ್ತು. ಕೊನೆಗೆ ಆ ಕಡೆಯ ಎಂಟು ಜನ ಈ ಕಡೆ ಬಂದು ಸೆನೆಟ್‌ನಲ್ಲಿ ಮಸೂದೆ ಪಾಸಾಯಿತು, 60-40ರಲ್ಲಿ.