ಗ್ಯಾಸಿನ ಮಾತ್ರೆ ಎಷ್ಟು ದಿನಕ್ಕೆ?

ಊರಿಂದ ಅಪ್ಪ-ಅಮ್ಮ ಮುಂಬಯಿಗೋ ಪುಣೆಗೋ ಬಂದಿಳಿದಾಗ ಚೀಲದಲ್ಲಿ ಚಟ್ನಿಪುಡಿ, ಹಪ್ಪಳದ ಜೊತೆಗೆ ಮಾತ್ರೆಗಳ ಡಬ್ಬಿಯೂ ಇರುತ್ತದೆ. ಬಿಪಿ, ಶುಗರ್ ಮಾತ್ರೆಗಳ ನಡುವೆ ಒಂದು ‘ಗ್ಯಾಸಿಂದು’. ಎಷ್ಟು ದಿನಕ್ಕೆ ಕೊಟ್ಟಿದ್ದಾರೆ ಎಂದು ಕೇಳಿ ನೋಡಿ. “ಯಾವಾಗಿಂದಲೋ ತಗೋತಿದೀನಿ” ಎನ್ನುತ್ತಾರೆ. ನಮ್ಮದೇನು ಬೇರೆಯಲ್ಲ. ರಾತ್ರಿ ಹತ್ತಕ್ಕೆ ಲೋಕಲ್ ಇಳಿದು, ಉಂಡ ಕೈ ಒಣಗುವ ಮೊದಲೇ ಮಲಗುತ್ತೇವೆ. ಎದೆಯುರಿದರೆ ಮೂಲೆಯ ಮೆಡಿಕಲ್‌ನಲ್ಲಿ ಒಂದು ಸ್ಟ್ರಿಪ್.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಒಳ್ಳೆಯ ಔಷಧಿಗಳೇ. ಆದರೆ ಅವಕ್ಕೆ ಒಂದು ಹೊತ್ತಿದೆ, ಒಂದು ಅವಧಿಯಿದೆ. ನಾವು ಮರೆಯುವುದು ಇವೆರಡನ್ನೇ.

ಮೊದಲು ಹೊತ್ತು. ಹೊಟ್ಟೆಯ ಒಳಗೋಡೆಯಲ್ಲಿ ಆಮ್ಲ ಸುರಿಸುವ ಸಣ್ಣ ಪಂಪುಗಳಿವೆ. ತಿನ್ನತೊಡಗಿದಾಗ ಅವು ಚುರುಕಾಗುತ್ತವೆ. ಈ ಮಾತ್ರೆ ನಿಲ್ಲಿಸುವುದು ಹಾಗೆ ಕೆಲಸಕ್ಕಿಳಿದ ಪಂಪುಗಳನ್ನು. ಆದ್ದರಿಂದ ತಿಂಡಿಗೆ 30ರಿಂದ 60 ನಿಮಿಷ ಮೊದಲು, ಖಾಲಿ ಹೊಟ್ಟೆಯಲ್ಲಿ, ಜಗಿಯದೆ ಪುಡಿ ಮಾಡದೆ ನುಂಗಬೇಕು. ವಡಾ-ಪಾವ್ ತಿಂದು ಉರಿ ಶುರುವಾದ ಮೇಲೆ ನುಂಗಿದರೆ ಆ ಕ್ಷಣಕ್ಕೆ ಹೆಚ್ಚು ಉಪಯೋಗವಿಲ್ಲ. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು.

ಇನ್ನು ಅವಧಿ. ಸಾಮಾನ್ಯ ಎದೆಯುರಿಗೆ 4ರಿಂದ 8 ವಾರ ಕೊಟ್ಟು, ವೈದ್ಯರು ಮತ್ತೆ ನೋಡುತ್ತಾರೆ. ನಾವು ಮತ್ತೆ ಹೋಗುವುದಿಲ್ಲ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುತ್ತೇವೆ. ಹಾಗೆ ದೀರ್ಘಕಾಲ ತೆಗೆದುಕೊಂಡವರಲ್ಲಿ ಬಿ12, ಮೆಗ್ನೀಸಿಯಂ ಇಳಿಯಬಹುದು. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುವುದೂ ಉಂಟು. “ನೋಡಿ, ಬಿಟ್ಟರೆ ಆಗೋದೇ ಇಲ್ಲ” ಎಂದು ಮತ್ತೆ ಶುರು ಮಾಡುವವರು ಬಹಳ. ಅದು ಕೆಲವು ವಾರಗಳಲ್ಲಿ ತಣಿಯುವಂಥದ್ದು. ಕ್ರಮೇಣ ಕಡಿಮೆ ಮಾಡುವುದನ್ನು ವೈದ್ಯರು ಹೇಳಿಕೊಡುತ್ತಾರೆ. ಆದರೆ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಹಿಂದೆ ಅಲ್ಸರ್‌ನಿಂದ ರಕ್ತ ಹೋದವರಿಗೆ ಇದನ್ನು ರಕ್ಷಣೆಗೆಂದೇ ಕೊಟ್ಟಿರುತ್ತಾರೆ. ಅವರು ತಾವಾಗಿ ನಿಲ್ಲಿಸಲೇಬಾರದು.

ಹೆಸರಿನ ಕೊನೆಗೆ ‘ಡಿ’ ಇರುವ ಕ್ಯಾಪ್ಸೂಲ್‌ಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ಅವುಗಳಲ್ಲಿ ಸಾಮಾನ್ಯವಾಗಿ ಡೊಂಪೆರಿಡೋನ್ ಸೇರಿರುತ್ತದೆ. ಹೃದಯದ ಬಡಿತ ಏರುಪೇರಾಗುವ ಅಪಾಯ ಕಂಡು ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ಅದನ್ನು ವಾಂತಿ, ವಾಕರಿಕೆಗೆ ಮಾತ್ರ, ದಿನಕ್ಕೆ ಹೆಚ್ಚೆಂದರೆ 30 ಮಿಲಿಗ್ರಾಂ, ಸಾಮಾನ್ಯವಾಗಿ ಒಂದು ವಾರಕ್ಕೆ ಮೀರದಂತೆ ಎಂದು ಮಿತಿಗೊಳಿಸಿದರು. ನಮ್ಮಲ್ಲಿಯ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಆ 30 ಮಿಲಿಗ್ರಾಂ ಒಂದರಲ್ಲೇ ಇದೆ, ಅದನ್ನು ತಿಂಗಳುಗಟ್ಟಲೆ ನುಂಗುತ್ತೇವೆ! ಅರವತ್ತು ದಾಟಿದವರು, ಹೃದಯದ ತೊಂದರೆಯವರು ಇದನ್ನು ವೈದ್ಯರಲ್ಲಿ ಕೇಳಲೇಬೇಕು.

ಎರಡು ಊರು, ಇಬ್ಬರು ಡಾಕ್ಟರು ಇರುವ ನಮಗೆ ಇನ್ನೊಂದು ತೊಡಕು. ಬ್ರಾಂಡ್ ಬೇರೆ, ಒಳಗಿನ ಔಷಧಿ ಒಂದೇ. ಅಲ್ಲಿಯದೂ ಇಲ್ಲಿಯದೂ ಸೇರಿ ದಿನಕ್ಕೆರಡು ಹೋಗುತ್ತಿರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್‌ನ ಬಲವನ್ನು ಒಮೆಪ್ರಜೋಲ್, ಎಸೊಮೆಪ್ರಜೋಲ್ ತಗ್ಗಿಸಬಲ್ಲವು. ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದೂ ಕಡಿಮೆಯಾಗಬಹುದು. ಡಬ್ಬಿಯಲ್ಲಿರುವ ಎಲ್ಲ ಸ್ಟ್ರಿಪ್‌ಗಳ ಹಿಂಬದಿಯ ಫೋಟೊ ತೆಗೆದು ಇಬ್ಬರು ಡಾಕ್ಟರಿಗೂ ತೋರಿಸಿ.

ನುಂಗಲು ಕಷ್ಟ, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮಾತ್ರೆ ನುಂಗುತ್ತ ದಿನ ದೂಡಬೇಡಿ. ಎದೆ ಬಿಗಿದು, ಬೆವರು ಸುರಿದು, ನೋವು ತೋಳಿಗೋ ದವಡೆಗೋ ಹರಿದರೆ “ಗ್ಯಾಸ್ ಇರಬೇಕು” ಎನ್ನುತ್ತಾ ಕೂರಬೇಡಿ, ತಕ್ಷಣ ಆಂಬುಲೆನ್ಸ್ ಕರೆಯಿರಿ.